ಪಕ್ಕದ ಕಾವಲಿ

ಗಿಮಾ ಫುಸಾಕೊಗೆ ಹೆದರಿಕೆ ಜಾಸ್ತಿ. ಇದು ನಾನು ಬೆನ್ನ ಹಿಂದೆ ಆಡುತ್ತಿರುವ ಮಾತಲ್ಲ, ಎಂಟು ವರ್ಷಗಳಿಂದ ಅವಳ ಮುಖಕ್ಕೇ ಹೇಳುತ್ತ ಬಂದಿದ್ದೇನೆ. ಒಸಾಕಾದ ತೈಶೊ ವಾರ್ಡಿನ ನಮ್ಮ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಹಂಡೆಯ ಎರಡು ಬದಿಗೆ ನಿಂತು ನಾನೂರ ಮೂವತ್ತು ಮಕ್ಕಳಿಗೆ ಬೇಯಿಸಿ ಹಾಕಿದವರು ನಾವು. ನನ್ನ ಹೆಸರು ಮಿಸಾವೊ. ನನಗೆ ಬಾಯಿ ಜಾಸ್ತಿ, ಅವಳಿಗೆ ಭಯ ಜಾಸ್ತಿ, ಹಾಗಾಗಿ ಇಬ್ಬರಿಗೂ ಹೊಂದಿಕೊಂಡಿತ್ತು.

ಮೊದಲಿನಿಂದಲೂ ಅವಳು ಹೀಗಿರಲಿಲ್ಲ. ಅವಳ ಅಪ್ಪ ಒಕಿನಾವಾದಿಂದ ಬಂದು ಇಲ್ಲಿಯ ಮರದ ಅಡ್ಡೆಯಲ್ಲಿ ದಿಮ್ಮಿ ಹೊತ್ತವನು. ಗಂಡ ಹಡಗುಕಟ್ಟೆಯಲ್ಲಿ ಕ್ರೇನ್ ಓಡಿಸುತ್ತಿದ್ದವನು ನಲವತ್ತಾರಕ್ಕೇ ಹೃದಯ ನಿಂತು ತೀರಿಕೊಂಡ. ಮೂರನೆಯ ವಾರಕ್ಕೆ ಫುಸಾಕೊ ರಬ್ಬರ್ ಬೂಟು ಹಾಕಿಕೊಂಡು ಕೆಲಸಕ್ಕೆ ಬಂದಳು. ಯಾರೋ ಸಮಾಧಾನ ಹೇಳಲು ಹೋದರೆ, "ಮೂಲಂಗಿ ಯಾರು ಹೆಚ್ಚೋದು, ನಾನಾ ನೀವಾ?" ಎಂದು ಕೇಳಿದಳು. ಅಂಥವಳು ಹೆದರುಪುಕ್ಕಲಿಯಾದದ್ದು ಒಂದು ಸೌಟಿನಿಂದ.

ಎಂಟು ವರ್ಷದ ಹಿಂದಿನ ಮಾತು. ಮೂರನೆಯ ತರಗತಿಯಲ್ಲಿ ಚಿನಾಮಿ ಎಂಬ ಹುಡುಗಿಯಿದ್ದಳು. ಮೊಟ್ಟೆ ಅವಳ ಮೈಗೆ ವಿಷ. ಮೊಟ್ಟೆಯ ಸಾರು ಮಾಡುವ ದಿನ, ಹಂಡೆಗೆ ಮೊಟ್ಟೆ ಸುರಿಯುವ ಮೊದಲೇ ಅವಳ ಪಾಲನ್ನು ಸಣ್ಣ ಪಾತ್ರೆಗೆ ತೆಗೆದಿಟ್ಟು, ಹಳದಿ ಚೀಟಿ ಅಂಟಿಸಿ, ಬೇರೆ ತಟ್ಟೆಯಲ್ಲಿ ಕಳಿಸಬೇಕು. ಫುಸಾಕೊ ಹಾಗೆಯೇ ತೆಗೆದಿಟ್ಟಿದ್ದಳು. ಫೆಬ್ರವರಿಯ ಚಳಿಗೆ ಸಾರಿನ ಮೇಲೆ ಕೆನೆ ಕಟ್ಟಿತು. ಮಗುವಿಗೆ ಕೆನೆ ಕಂಡರೆ ಆಗುವುದಿಲ್ಲವೆಂದು ಅವಳು ಕೈಗೆ ಸಿಕ್ಕಿದ ಸೌಟಿನಿಂದ ಒಂದು ಸುತ್ತು ಕಲಕಿದಳು. ಆ ಸೌಟು ಹಂಡೆಯಿಂದ ಆಗಷ್ಟೇ ಎತ್ತಿಟ್ಟದ್ದು.

ಊಟದ ಹೊತ್ತಿಗೆ ಮೇಲಿನ ಮಹಡಿಯ ತರಗತಿಯಲ್ಲಿ ಆ ಮಗು ಕೆಮ್ಮುತ್ತಿದೆ ಎಂದು ಸುದ್ದಿ ಬಂತು. ಟೀಚರು ನೆಗಡಿ ಎಂದುಕೊಂಡಿದ್ದರು. ಫುಸಾಕೊ ಆ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಎರಡು ಮಹಡಿ ಓಡಿ, "ಮೊಟ್ಟೆ! ನನ್ನ ಸೌಟು! ಮೊಟ್ಟೆ!" ಎಂದು ಕಿರುಚಿದಳು. ಟೀಚರು ಅಲರ್ಜಿ ಏರಿದಾಗ ಚುಚ್ಚುವ ಔಷಧದ ಪೆನ್ನನ್ನು ಮಗುವಿನ ತೊಡೆಗೆ ಚುಚ್ಚಿದರು. ಮಗು ಉಳಿಯಿತು.

ಅವತ್ತು ಸಂಜೆ ಅವಳು ಹೆಡ್ಮಾಸ್ಟರ ಕೋಣೆಯಲ್ಲಿ ಕ್ಷಮೆ ಕೇಳಿ ಕೆಳಗಿಳಿದು ಬಂದಾಗ ನಾನು ಬೈದೆ. "ಯಾಕೇ ಬಾಯಿ ಬಿಟ್ಟೆ? ಡಾಕ್ಟರ್ ಹೇಗೂ ಕಂಡುಹಿಡೀತಿದ್ರು. ಈಗ ನೋಡು, ಅಡುಗೆಮನೆ ಪೂರ್ತಿ ತಲೆ ತಗ್ಗಿಸ್ಬೇಕು."

ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಶಾಲೆಯ ಅಡುಗೆಯಲ್ಲಿ ಬೆಂದದ್ದನ್ನು ಮೂರು ಕಡೆ ಚುಚ್ಚಿ, ಎಪ್ಪತ್ತೈದು ಡಿಗ್ರಿ ದಾಟಿದೆಯೇ ಎಂದು ನೋಡಿ ಬರೆದಿಡುವುದು ನಿಯಮ. ಅವಳು ಮನೆಯಲ್ಲಿ ತಾನೊಬ್ಬಳೇ ತಿನ್ನುವ ಮೀನನ್ನೂ ಮೂರು ಕಡೆ ಚುಚ್ಚತೊಡಗಿದಳು. ಮಾಡಿದ ಪ್ರತಿ ಪದಾರ್ಥದ ಐವತ್ತು ಗ್ರಾಂ ಮಾದರಿಯನ್ನು ಎರಡು ವಾರ ಫ್ರೀಜರಿನಲ್ಲಿ ಇಡುವುದೂ ಶಾಲೆಯ ನಿಯಮವೇ. ಅವಳ ಮನೆಯ ಫ್ರೀಜರಿನಲ್ಲೂ ಚೀಟಿ ಅಂಟಿಸಿದ ಪೊಟ್ಟಣಗಳು ಸಾಲಾಗಿ ಕೂತವು. "ನೀನು ಸತ್ರೆ ಯಾವ ಪೊಟ್ಟಣದಿಂದ ಸತ್ತೆ ಅಂತ ಹುಡುಕೋಕೆ ಪೊಲೀಸರಿಗೆ ಒಂದು ದಿನ ಬೇಕು" ಎಂದು ನಾನು ಗೇಲಿ ಮಾಡುತ್ತಿದ್ದೆ. ಪ್ರತಿ ಭಾನುವಾರ ಬಟ್ಟೆ ಒಣಹಾಕಿದ ಮೇಲೆ, ಅಭ್ಯಾಸಕ್ಕೆಂದು ಸಿಗುವ, ಸೂಜಿಯಿಲ್ಲದ ಅದೇ ಬಗೆಯ ಪೆನ್ನನ್ನು ತನ್ನ ತೊಡೆಗೇ ಹತ್ತು ಸಲ ಒತ್ತಿಕೊಳ್ಳುತ್ತಿದ್ದಳು. ನೀಲಿ ಮುಚ್ಚಳ ತೆಗಿ, ಒತ್ತು, ಐದು ಎಣಿಸು. ಎಂಟು ವರ್ಷ ಒಂದು ಭಾನುವಾರವನ್ನೂ ಬಿಡಲಿಲ್ಲ.

ಕ್ಷಮೆ ಕೇಳಲು ಹೋಗುವಾಗ ಸಿಹಿಯ ಡಬ್ಬಿ ಒಯ್ಯುವುದು ನಮ್ಮಲ್ಲಿ ಪದ್ಧತಿ. ಅವಳು ಅಂಗಡಿಯಲ್ಲಿ ಅರ್ಧ ದಿನ ನಿಂತು ಒಂದೊಂದು ಡಬ್ಬಿಯ ಹಿಂದಿನ ಸಣ್ಣಕ್ಷರವನ್ನೂ ಓದಿ, ಕೊನೆಗೆ ಅವರೆಯ ಹಲ್ವ ಒಯ್ದಳು. ಎರಡು ಸಲ ಚಿನಾಮಿಯ ತಾಯಿ ಬಾಗಿಲು ತೆಗೆಯಲಿಲ್ಲ. ಮೂರನೆಯ ಸಲ ತೆಗೆದಳು. ಆಮೇಲೆ ವರ್ಷಕ್ಕೊಂದು ಹೊಸವರ್ಷದ ಕಾರ್ಡು ಹೋಗುತ್ತಿತ್ತು, ಒಂದು ಬರುತ್ತಿತ್ತು. ಕಾರ್ಡಿನ ಮೂಲೆಯಲ್ಲಿ ಚಿನಾಮಿ ಒಂದು ಸಾಲು ಬರೆಯುತ್ತಿದ್ದಳು. "ಊಟದತ್ತೆ, ಆಸ್ಪತ್ರೆಯಲ್ಲಿ ಬೆಂದ ಮೊಟ್ಟೆ ಅಕ್ಕಿಕಾಳಿನಷ್ಟು ತಿಂದೆ." ಮುಂದಿನ ವರ್ಷ, "ಕಾಲು ಭಾಗ ತಿಂದೆ." ಚೂರುಚೂರೇ ಕೊಟ್ಟು ಮೈಗೆ ರೂಢಿಸುವ ಚಿಕಿತ್ಸೆ ಅದು. ಒಂದು ವರ್ಷ ಬರೆದದ್ದು ಇಷ್ಟೇ: "ಮೈಯೆಲ್ಲ ಗಂಧೆ ಎದ್ದಿತು. ಮತ್ತೆ ಅಕ್ಕಿಕಾಳಿನಿಂದ ಶುರು." ಆ ಕಾರ್ಡು ಬಂದ ದಿನ ಫುಸಾಕೊ ಊಟ ಮಾಡಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಚಿನಾಮಿಯ ಫೋನು ಬಂತು. ಹದಿನಾರು ತುಂಬಿದ ಹುಡುಗಿ. ಆಸ್ಪತ್ರೆಯಲ್ಲಿ ಪೂರ್ತಿ ಒಂದು ಮೊಟ್ಟೆ ತಿಂದು ಅರಗಿಸಿಕೊಂಡಿದ್ದಾಳೆ. ಚೆನ್ನಾಗಿ ಬೆಂದಿದ್ದರೆ ಹೊರಗೂ ತಿನ್ನಬಹುದು, ಹಸಿ ಮಾತ್ರ ಬೇಡವೇ ಬೇಡ ಎಂದು ಡಾಕ್ಟರ್ ಹೇಳಿದ್ದಾರೆ.

"ಊಟದತ್ತೆ, ನಾನು ಒಕೊನೊಮಿಯಾಕಿ ತಿನ್ಬೇಕು. ನಾನೇ ಕಾವಲಿ ಮೇಲೆ ಹಾಕಿ, ನಾನೇ ಮಗುಚಿ. ಒಸಾಕಾದಲ್ಲಿ ಹುಟ್ಟಿ ಹದಿನಾರು ವರ್ಷ ಆಯ್ತು, ಎಲ್ಲಾರೂ ತಿನ್ನೋದನ್ನ ನೋಡ್ತಾ ಬರೀ ನೀರು ಕುಡ್ದಿದ್ದೀನಿ. ನೀವು ಜೊತೆಗೆ ಬನ್ನಿ." ಒಕೊನೊಮಿಯಾಕಿ ಎಂದರೆ ಹಿಟ್ಟು, ಎಲೆಕೋಸು, ಮೊಟ್ಟೆ ಕಲಸಿ ಕಾವಲಿಯ ಮೇಲೆ ಬೇಯಿಸುವ ದಪ್ಪ ದೋಸೆ, ಒಸಾಕಾದ ಮನೆಮನೆಯ ತಿಂಡಿ.

"ನಾನಾ?" ಎಂದಳಂತೆ ಫುಸಾಕೊ. "ನಿಮ್ಮಮ್ಮನ್ನ ಕರ್ಕೊಂಡು ಹೋಗಮ್ಮ."

"ಅಮ್ಮ ನಾನು ಬಾಯಿ ತೆಗೆಯೋ ಮುಂಚೇನೇ ಅಳೋಕೆ ಶುರು ಮಾಡ್ತಾರೆ. ಮೊಟ್ಟೆಗೆ ನಿಮ್ಮಷ್ಟು ಹೆದರೋರು ಈ ಊರಲ್ಲೇ ಇಲ್ಲ. ಅದಕ್ಕೇ ನೀವಿದ್ರೆ ನನಗೆ ಧೈರ್ಯ."

ಫುಸಾಕೊ ನನ್ನ ಹತ್ತಿರ ಓಡಿಬಂದಳು. ಮುಖ ಬಿಳುಚಿಕೊಂಡಿತ್ತು. "ಮಿಸಾವೊ, ನೀನೂ ಬಾ. ನನ್ನ ಕೈ ನಡುಗಿದ್ರೆ ನೀನು ಹಿಡ್ಕೋಬೇಕು."

"ಬರ್ತೀನಿ ಬಿಡಕ್ಕ. ನಿನ್ನ ಕೈಯೂ ಹಿಡೀತೀನಿ, ಪುಕ್ಕಟೆ ಒಂದು ಒಕೊನೊಮೀನೂ ತಿಂತೀನಿ" ಎಂದು ನಕ್ಕೆ. ನಗಬಾರದಿತ್ತು.

ಜೂನ್ ತಿಂಗಳ ಒಂದು ಶನಿವಾರ ಗೊತ್ತಾಯಿತು. ಕಾಲುವೆ ದಾಟುವ ದೋಣಿಯ ಕಟ್ಟೆಯ ಹತ್ತಿರ ನಾವೇ ಬೇಯಿಸಿಕೊಳ್ಳುವ ಒಂದು ಹಳೇ ಅಂಗಡಿಯಿದೆ, ಮೇಜಿಗೊಂದು ಕಾವಲಿ. ಆ ವಾರ ಫುಸಾಕೊ ಅಲ್ಲಿಗೆ ನಾಲ್ಕು ಸಲ ಫೋನು ಮಾಡಿದಳು. ಒಂದು ಮೊಟ್ಟೆಗಿಂತ ಹೆಚ್ಚಾಗಬಾರದಲ್ಲ, ಹಿಟ್ಟಿನಲ್ಲಿ ಮೊದಲೇ ಮೊಟ್ಟೆ ಬೆರೆಸಿರುತ್ತಾರೆಯೇ? ಸಾಸಿನ ಶೀಸೆಯ ಮೇಲೆ ಏನು ಬರೆದಿದೆ, ಓದಿ ಹೇಳಿ. ಅದಕ್ಕೆ ಬೆರೆಸುವ, ಬೂಂದಿಯಂಥ ಕರಿದ ಹಿಟ್ಟಿನ ಹರಳಿನಲ್ಲಿ ಮೊಟ್ಟೆ ಇದೆಯೇ? ನಾಲ್ಕನೆಯ ಸಲ ಯಜಮಾನ, "ಅಮ್ಮಾ, ನೀವು ತಿನ್ನೋಕೆ ಬರ್ತಿದ್ದೀರೋ, ಅಂಗಡಿ ಕೊಂಡ್ಕೊಳ್ಳೋಕೋ?" ಎಂದು ಕೇಳಿದನಂತೆ.

ಶನಿವಾರ ಅಂಗಡಿ ಬಾಗಿಲು ತೆರೆಯುವ ಮೊದಲೇ ನಾವಿಬ್ಬರೂ ಅಲ್ಲಿದ್ದೆವು. ಫುಸಾಕೊ ಚೀಲದಿಂದ ಕುದಿಸಿ ಒಣಗಿಸಿದ ಎರಡು ಹೊಸ ಸಟ್ಟುಗ, ಬಟ್ಟೆಯಲ್ಲಿ ಸುತ್ತಿದ ತಟ್ಟೆ, ಉಷ್ಣತೆ ಅಳೆಯುವ ಕಡ್ಡಿ ತೆಗೆದಿಟ್ಟಳು. ಗೋಡೆ ಪಕ್ಕದ ಕಾವಲಿಯನ್ನು ಎದುರಿಗೇ ನಿಂತು ಎರಡು ಸಲ ಉಜ್ಜಿಸಿದಳು. ಮೇಜಿನ ಮೇಲಿದ್ದ ಮಯೊನೈಸ್ ಶೀಸೆಯನ್ನು ಕರವಸ್ತ್ರದಲ್ಲಿ ಹಿಡಿದು, ಸತ್ತ ಇಲಿಯನ್ನು ಎತ್ತುವಂತೆ ಎತ್ತಿ ಯಜಮಾನನ ಕೈಗೆ ಕೊಟ್ಟಳು.

"ಇದು ಪೂರ್ತಿ ಹಸಿಮೊಟ್ಟೆ. ಈ ಮೇಜಿನ ಹತ್ತಿರ ತರ್ಬೇಡಿ."

"ಹಾಗಾದ್ರೆ ನನಗೆ?" ಎಂದೆ ನಾನು. ಮಯೊನೈಸ್ ಇಲ್ಲದೆ ಒಕೊನೊಮಿ ತಿನ್ನುವುದೆಂದರೆ ನನ್ನ ಮಟ್ಟಿಗೆ ಸ್ನಾನ ಮಾಡಿ ಹಳೇ ಬಟ್ಟೆ ಹಾಕಿಕೊಂಡಂತೆ.

"ನೀನು ಪಕ್ಕದ ಕಾವಲಿಯಲ್ಲಿ ಕೂತ್ಕೋ. ಈ ಕಡೆ ಕೈ ಚಾಚ್ಬೇಡ."

"ಆಹಾ, ನನಗೆ ಬೇರೆ ಪಂಕ್ತಿ! ಬೀಗರ ಮನೆಯಲ್ಲೂ ಯಾರೂ ಹೀಗೆ ಕೂರಿಸಿರಲಿಲ್ಲ."

"ಕೂತ್ಕೋ ಅಂದ್ರೆ ಕೂತ್ಕೋ." ನಾನು ಕೂತೆ. ಎರಡು ಮೇಜಿನ ನಡುವೆ ಒಂದು ಮೊಳ ಜಾಗ.

ಚಿನಾಮಿ ಸೈಕಲ್ಲಿನಲ್ಲಿ ಬಂದಳು. ಉದ್ದ ಕಾಲು, ಗಿಡ್ಡ ಕೂದಲು, ಕೆನ್ನೆ ಕೆಂಪಾಗಿತ್ತು. ಬಂದವಳೇ ಔಷಧದ ಪೆನ್ನನ್ನು ಮೇಜಿನ ಮೇಲಿಟ್ಟು ಕೂತಳು. ಬಟ್ಟಲು ಬಂತು. ತಳದಲ್ಲಿ ಹಿಟ್ಟು, ಮೇಲೆ ಬೆಟ್ಟದ ಹಾಗೆ ಹೆಚ್ಚಿದ ಎಲೆಕೋಸು, ಅದರ ನೆತ್ತಿಯ ಮೇಲೆ ಒಡೆದ ಒಂದು ಮೊಟ್ಟೆ. ಮೂವರೂ ಆ ಹಳದಿಯನ್ನೇ ನೋಡಿದೆವು. ನಾನು ಲಕ್ಷಾಂತರ ಮೊಟ್ಟೆ ಒಡೆದವಳು, ನಾನೂ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ.

"ಕೈಗೆ ತಾಗಿಸ್ಕೋಬೇಡ" ಎಂದಳು ಫುಸಾಕೊ.

"ಇಲ್ಲ."

"ಸಿಡೀಬಾರದು, ನಿಧಾನ."

"ಅತ್ತೆ, ಉಸಿರಾದ್ರೂ ಬಿಡ್ಬಹುದಾ?"

ಚಿನಾಮಿ ಚಮಚದಿಂದ ಕಲಸಿ ಕಾವಲಿಗೆ ಸುರಿದಳು. ಚುಂಯ್ ಎಂದು ಸದ್ದೆದ್ದಿತು. ಒಕೊನೊಮಿ ಎರಡು ಬೆರಳು ದಪ್ಪ ಇರಬೇಕು, ಉಬ್ಬಬೇಕು. ಫುಸಾಕೊ ಒಂದೇ ಬೆರಳಿನ ದಪ್ಪಕ್ಕೆ ಹರಡಿಸಿದಳು. ಅಷ್ಟು ಸಾಲದೆಂದು ಸಟ್ಟುಗದಿಂದ ಮೇಲೆ ಒತ್ತಿಯೂಬಿಟ್ಟಳು. ಅಂಗಡಿಯವನಿಗೆ ತಡೆಯಲಾಗಲಿಲ್ಲ.

"ಒತ್ಬೇಡ್ರೀ! ಒತ್ತಿದ್ರೆ ಚಪ್ಪಲಿ ಆಗುತ್ತೆ! ಒಸಾಕಾದೋರಾ ನೀವು?"

"ಚಪ್ಪಲಿನೇ ಆಗ್ಲಿ" ಎಂದಳು ಫುಸಾಕೊ. "ಬೆಂದ ಚಪ್ಪಲಿ ಆದ್ರೆ ಸಾಕು."

ಚಿನಾಮಿ ನಕ್ಕಳು. ನಾನೂ ನಕ್ಕೆ. ನನ್ನ ಕಾವಲಿಯಲ್ಲಿ ನನ್ನದು ದಪ್ಪಗೆ ಉಬ್ಬುತ್ತಿತ್ತು. ಏಳು ನಿಮಿಷಕ್ಕೆ ಚಿನಾಮಿ ಎರಡೂ ಸಟ್ಟುಗವನ್ನು ಅಡಿಗೆ ತೂರಿಸಿ, ತುಟಿ ಕಚ್ಚಿ, ಒಂದೇ ಏಟಿಗೆ ಮಗುಚಿದಳು. ಒಂದು ಅಂಚು ಹರಿದು ಮಡಿಚಿಕೊಂಡಿತು, ಉಳಿದದ್ದು ಸರಿಯಾಗಿ ಬಿತ್ತು. ಅಂಗಡಿಯವನೇ ಚಪ್ಪಾಳೆ ತಟ್ಟಿದ. ಮತ್ತೆ ಏಳು ನಿಮಿಷ, ಮತ್ತೆ ಮಗುಚಿ ಐದು ನಿಮಿಷ. ಆಮೇಲೆ ಫುಸಾಕೊ ಕಡ್ಡಿ ಚುಚ್ಚಿದಳು. ನಡುವೆ ತೊಂಬತ್ತೊಂದು, ಎಡಕ್ಕೆ ತೊಂಬತ್ತು, ಬಲಕ್ಕೆ ತೊಂಬತ್ತಮೂರು. ಶಾಲೆಯಲ್ಲಿ ಬರೆಯುವ ಹಾಗೆಯೇ ಪುಸ್ತಕದಲ್ಲಿ ಗಂಟೆ ಸಮೇತ ಬರೆದಳು.

ಆಗ ಅವಳ ಫೋನು ಬಡಿದುಕೊಂಡಿತು. ಚಿನಾಮಿಯ ತಾಯಿ ಮಯುಮಿ. ಬಟ್ಟೆ ಒಗೆಯುವ ಅಂಗಡಿಯ ಕೆಲಸದ ನಡುವೆ ತಡೆಯಲಾರದೆ ಮಾಡಿದ್ದು. ಒಳಗೆ ಕಾವಲಿಗಳ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ.

"ನಾನು ಬರೋವರೆಗೂ ಬಾಯಿಗೆ ಇಡ್ಬೇಡ" ಎಂದು ಫುಸಾಕೊ ಬಾಗಿಲಾಚೆ ಹೋದಳು.

ನಾನು ಅಷ್ಟರಲ್ಲಿ ನನ್ನ ಒಕೊನೊಮಿಗೆ ಸಾಸು ಬಳಿದು, ಮಯೊನೈಸ್ ಗೀಚಿ, ಸಟ್ಟುಗದಿಂದ ಚೌಕ ಕತ್ತರಿಸಿ ತಿನ್ನುತ್ತಿದ್ದೆ. ಪಕ್ಕದಲ್ಲಿ ಹೊಗೆ ಕಂಡಿತು. ಆ ಹರಿದ ಅಂಚು ಸೀಯುತ್ತಿತ್ತು. ಗ್ಯಾಸು ತಿರುಗಿಸುವ ಕಿವಿ ಮೇಜಿನ ಅಡಿಯಲ್ಲಿ ಇರುವುದು. ಚಿನಾಮಿ ಬಗ್ಗಿ ಅದನ್ನು ಹುಡುಕುತ್ತಿದ್ದಳು.

"ಯಾವ ಕಡೆ ತಿರುಗಿಸ್ಬೇಕು?" ಎಂದು ಅಡಿಯಿಂದ ಕೇಳಿದಳು.

"ನಿನ್ನ ಬಲಕ್ಕೆ" ಎಂದು ಹೇಳುತ್ತ ನಾನು ಕೈ ಚಾಚಿ, ಅವಳ ಒಕೊನೊಮಿಯ ಅಂಚನ್ನು ಎತ್ತಿ ಕಾವಲಿಯ ತಣ್ಣಗಿನ ಬದಿಗೆ ಸರಿಸಿದೆ. ಮಡಿಚಿಕೊಂಡ ಜಾಗವನ್ನು ಒಂದು ಸಲ ಅಡಿಗೆ ಸೇರಿಸಿಯೂ ಬಿಟ್ಟೆ. ಮೂವತ್ತು ವರ್ಷ ಅಡುಗೆ ಮಾಡಿದ ಕೈ. ಸೀಯುವುದನ್ನು ಕಂಡರೆ ಅದು ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ.

ಫುಸಾಕೊ ಒಳಗೆ ಬಂದಳು. "ಅಮ್ಮ ನಾಲ್ಕು ಗಂಟೆಗೆ ಬರ್ತಾರಂತೆ. ಸರಿ, ತಿನ್ನಮ್ಮ" ಎಂದು ಕಣ್ಣು ಮುಚ್ಚಿಕೊಂಡಳು.

"ಗರಿಗರಿಯಾಗಿರೋದು ಮೊದಲು" ಎಂದು ಚಿನಾಮಿ ಆ ಅಂಚನ್ನೇ ಕತ್ತರಿಸಿ, ಊದಿ, ಬಾಯಿಗಿಟ್ಟಳು. ಅಗಿದಳು, ನುಂಗಿದಳು. "ಅತ್ತೆ" ಎಂದಳು ಕಣ್ಣರಳಿಸಿ. "ಇಷ್ಟು ದಿನ ನೀವೆಲ್ಲ ಇದನ್ನ ನನ್ನೆದುರಿಗೇ ತಿಂತಿದ್ರಾ? ಎಂಥಾ ಪಾಪಿಗಳು!"

ಫುಸಾಕೊ ಬಿಕ್ಕಿ ಬಿಕ್ಕಿ ಅತ್ತಳು. ಅಂಗಡಿಯವನು ನೀರು ತಂದುಕೊಟ್ಟ. ನಾನು ನಗುತ್ತ ಇನ್ನೊಂದು ಚೌಕ ಕತ್ತರಿಸಲು ಸಟ್ಟುಗ ಎತ್ತಿದೆ. ಅದರ ಅಂಚಿನುದ್ದಕ್ಕೂ ಮಯೊನೈಸ್ ಬಿಳಿಯಾಗಿ ಮೆತ್ತಿಕೊಂಡಿತ್ತು. ತುದಿಯಲ್ಲಿ ಮಾತ್ರ ಯಾವುದಕ್ಕೋ ಒರೆಸಿದ ಹಾಗೆ ಖಾಲಿ.

ಆ ಕ್ಷಣ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಏನೇನು ಲೆಕ್ಕ ಹಾಕಿದೆನೋ! ಒಂದು ಸಾಸಿವೆಯಷ್ಟು ಅಂಟಿರಬಹುದು. ಬಿಸಿ ಕಾವಲಿಯ ಮೇಲೆ ಅದೂ ಬೆಂದಿರಬಹುದು. ತಣ್ಣಗಿನ ಬದಿಗೆ ಸರಿಸಿದ್ದು ನಾನೇ ಅಲ್ಲವೇ, ಬೆಂದಿರಲಿಕ್ಕಿಲ್ಲ. ಆದರೂ ಇಷ್ಟು ಸಂತೋಷವಾಗಿದ್ದಾರೆ, ಈಗ ಹೇಳಿ ಕೆಡಿಸುವುದೇಕೆ? ಐದು ನಿಮಿಷ ನೋಡೋಣ. ನನ್ನ ನಾಲಿಗೆ, ಊರಿನವರೆಲ್ಲ ಹೆದರುವ ನಾಲಿಗೆ, ಅಂಗುಳಿಗೆ ಅಂಟಿಕೊಂಡಿತು. ಚಿನಾಮಿ ಇನ್ನೆರಡು ತುಂಡು ತಿಂದಳು. ಪ್ರತಿ ಸಲ ಅವಳ ಗಂಟಲು ಏರಿಳಿದಾಗಲೂ ನನ್ನ ಪ್ರಾಣ ಏರಿಳಿಯಿತು.

ಹತ್ತು ನಿಮಿಷವಾಗಿರಬೇಕು. ಅವಳು ಕತ್ತು ಕೆರೆದುಕೊಂಡಳು. ಮತ್ತೆ ಕೆರೆದುಕೊಂಡಳು. ತುಟಿಯ ಒಂದು ಬದಿ ಊದಿತು.

"ಅತ್ತೆ," ಎಂದಳು, ದನಿ ಒಡೆದಿತ್ತು, "ಗಂಟಲು..." ಆಮೇಲೆ ಕೆಮ್ಮು. ಎಂಥ ಕೆಮ್ಮೆಂದರೆ, ಉಸಿರು ಒಳಗೆ ಹೋಗುವ ದಾರಿಯೇ ಸಿಗದೆ ಹಿಂದಕ್ಕೆ ಬರುವಂಥದು.

ಈಗ ಫುಸಾಕೊ ಕುಸಿದು ಬೀಳುತ್ತಾಳೆ ಎಂದುಕೊಂಡೆ. ಬೀಳಲಿಲ್ಲ. ಎದ್ದು, ಹುಡುಗಿಯನ್ನು ನೆಲದ ಮೇಲೆ ಮಲಗಿಸಿ, ಕಾಲನ್ನು ಮಣೆಯ ಮೇಲಿಟ್ಟು, ನೀಲಿ ಮುಚ್ಚಳ ತೆಗೆದು, ತೊಡೆಗೆ ಪೆನ್ನು ಒತ್ತಿದಳು. "ಒಂದು, ಎರಡು, ಮೂರು" ಎಂದು ಗಟ್ಟಿಯಾಗಿ ಎಣಿಸಿದಳು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ. "ಯಜಮಾನ್ರೇ, ಆಂಬುಲೆನ್ಸಿಗೆ ಹೇಳಿ, ಮೊಟ್ಟೆಯ ಅಲರ್ಜಿ, ಹದಿನಾರು ವರ್ಷ, ಮದ್ದು ಕೊಟ್ಟಿದ್ದು ಹನ್ನೆರಡೂ ಐವತ್ತಕ್ಕೆ ಅನ್ನಿ" ಎಂದಳು.

ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ನನ್ನ ಕೈ ಕಾಗದದಿಂದ ಸಟ್ಟುಗವನ್ನು ಒರೆಸುತ್ತಿತ್ತು. ನಾನು ಒರೆಸು ಎಂದು ಅದಕ್ಕೆ ಹೇಳಿರಲಿಲ್ಲ. ಆದರೆ ನಿಲ್ಲಿಸು ಎಂದೂ ಹೇಳಲಿಲ್ಲ.

ಆಂಬುಲೆನ್ಸಿನಲ್ಲಿ ಚಿನಾಮಿಗೆ ಉಸಿರು ಸರಾಗವಾಯಿತು. ಆಸ್ಪತ್ರೆಯಲ್ಲಿ ಕೈಗೆ ನಳಿಗೆ ಹಾಕಿ ಮಲಗಿಸಿದರು. ಮಯುಮಿ ಒದ್ದೆ ಮುಂಗೈಯಲ್ಲೇ ಓಡಿಬಂದಳು. ಅವಳ ಎದುರು ಫುಸಾಕೊ ನೆಲಕ್ಕೆ ಹಣೆ ಹಚ್ಚಿದಳು.

"ಒಳಗೆ ಬೆಂದಿರಲಿಲ್ಲ. ನಾನು ಇನ್ನೂ ಐದು ನಿಮಿಷ ಬಿಡ್ಬೇಕಿತ್ತು. ಅಳೆಯೋ ಕಡ್ಡಿ ಕೆಟ್ಟಿತ್ತೋ ಏನೋ, ನಾನು ನೋಡ್ಲಿಲ್ಲ. ಎರಡನೇ ಸಲ. ಎರಡನೇ ಸಲಾನೂ ನನ್ನ ಕೈಯಿಂದಲೇ."

ಈಗಲಾದರೂ ಹೇಳಬೇಕಿತ್ತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹುಡುಗಿ ಉಳಿದಳಲ್ಲ, ಇನ್ನು ಹೇಳಿ ಏನಾಗಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಆ ತಾಯಿಯ ಕಣ್ಣು ಫುಸಾಕೊ ಮೇಲಿಂದ ನನ್ನ ಕಡೆ ತಿರುಗುವುದನ್ನು ನೆನೆದರೇ ನನಗೆ ಆ ಗೋಡೆಯೊಳಗೇ ಸೇರಿಕೊಳ್ಳಬೇಕೆನಿಸುತ್ತಿತ್ತು. ಹೆದರುಪುಕ್ಕಲಿ ಎಂದು ಇಷ್ಟು ವರ್ಷ ಯಾರನ್ನು ಆಡಿಕೊಂಡಿದ್ದೆ ನಾನು!

ಡಾಕ್ಟರಮ್ಮ ಬಂದರು. ಚಿನಾಮಿಯ ಚಿಕಿತ್ಸೆ ಮಾಡುತ್ತಿದ್ದವರೇ, ರಜೆಯ ದಿನವಾದರೂ ಸುದ್ದಿ ಕೇಳಿ ಬಂದಿದ್ದರು. ಹಾಸಿಗೆಯ ಪಕ್ಕ ಕೂತು ಕಡತ ಬಿಡಿಸಿದರು.

"ಏನು ತಿಂದ್ರಿ?"

"ಒಕೊನೊಮಿಯಾಕಿ. ಒಂದು ಮೊಟ್ಟೆ. ಚೆನ್ನಾಗಿ ಬೇಯಿಸಿದ್ದು" ಎಂದಳು ಚಿನಾಮಿ ಕೆರೆದ ದನಿಯಲ್ಲಿ.

"ಬೇರೇನೂ ಇಲ್ವಾ? ಮಯೊನೈಸ್?"

"ಇಲ್ಲ" ಎಂದಳು ಫುಸಾಕೊ. "ಮೇಜಿನ ಹತ್ತಿರಾನೂ ಬಿಟ್ಟಿಲ್ಲ."

ಡಾಕ್ಟರಮ್ಮ ಕಡತದ ಹಳೇ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಆಮೇಲೆ ಮೆತ್ತಗೆ ಹೇಳಿದರು, "ಹಾಗಾದ್ರೆ ಬೆಂದ ಮೊಟ್ಟೇನೂ ಮೈ ಒಪ್ತಿಲ್ಲ ಅಂತಾಯ್ತು. ಇವತ್ತಿಂದ ನಿಲ್ಲಿಸ್ಬೇಕಮ್ಮ. ಒಂದು ವರ್ಷ ಪೂರ್ತಿ ಬಿಟ್ಟು, ಮತ್ತೆ ಮೊದಲಿಂದ ನೋಡೋಣ."

ಚಿನಾಮಿ ಅಳಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. "ಅಕ್ಕಿಕಾಳಿಂದ" ಎಂದಳು. ಇಷ್ಟೇ. ಎಂಟು ವರ್ಷದ ಎಲ್ಲ ಕಾರ್ಡುಗಳೂ ಆ ಒಂದು ಮಾತಿನಲ್ಲಿ ಹರಿದುಹೋದಂತೆ ಕೇಳಿಸಿತು. ಮಯುಮಿ ಮಗಳ ಬೆನ್ನು ಸವರುತ್ತ ಕೂತಳು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದು ಕಡತದಲ್ಲಿ ಬರೆಯತೊಡಗಿದರು.

ಆ ಪೆನ್ನು ಕಾಗದದ ಮೇಲೆ ಸರಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಬರೆದು ಮುಗಿದರೆ ಅದೇ ನಿಜವಾಗುತ್ತದೆ. ನನಗೆ ಅಷ್ಟು ಭಯ ಜನ್ಮದಲ್ಲಿ ಆಗಿರಲಿಲ್ಲ.

"ಬರೀಬೇಡಿ" ಎಂದೆ.

ಎಲ್ಲರೂ ತಿರುಗಿದರು.

"ಬರೀಬೇಡಿ ಡಾಕ್ಟ್ರೇ. ಮಯೊನೈಸ್ ಇತ್ತು. ನನ್ನ ಸಟ್ಟುಗದಲ್ಲಿತ್ತು. ಅಂಚು ಸೀದುಹೋಗ್ತಿತ್ತು, ಇವಳು ಮೇಜಿನಡಿ ಬಗ್ಗಿದ್ಲು, ನಾನು... ನನ್ನ ಸಟ್ಟುಗದಿಂದ ಸರಿಸಿದೆ. ಅದೇ ಅಂಚನ್ನ ಇವಳು ಮೊದಲು ತಿಂದ್ಲು. ಮಯೊನೈಸ್ ಮೆತ್ಕೊಂಡಿದ್ದನ್ನ ಆಮೇಲೆ ನೋಡಿದೆ. ನೋಡಿದ್ಮೇಲೂ ಹೇಳ್ಲಿಲ್ಲ." ಬಲಗೈಯನ್ನು ಮುಂದೆ ಚಾಚಿ ತೋರಿಸಿದೆ. "ಒರೆಸಿಬಿಟ್ಟೆ. ಇವಳು ಕೆಮ್ಮುತ್ತಿದ್ದಾಗ ನಾನು ಅದನ್ನ ಒರೆಸಿಬಿಟ್ಟೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಷ್ಟಿತ್ತು?"

ಬೆರಳ ತುದಿ ತೋರಿಸಿದೆ.

"ಹಸಿಮೊಟ್ಟೆ" ಎಂದರು ಅವರು, ಯಾರಿಗೂ ಅಲ್ಲ, ಕಡತಕ್ಕೆ. ಆಮೇಲೆ ಫುಸಾಕೊ ಕಡೆ ಕೈ ಚಾಚಿ ಅವಳ ಪುಸ್ತಕ ಇಸಿದುಕೊಂಡು ಓದಿದರು. "ತೊಂಬತ್ತೊಂದು, ತೊಂಬತ್ತು, ತೊಂಬತ್ತಮೂರು. ಚಿನಾಮಿ, ಇದು ಬೇರೆ ಮಾತಾಯ್ತು. ಎರಡು ವಾರ ವಿಶ್ರಾಂತಿ ತಗೋ. ಆಮೇಲೆ ಇಲ್ಲಿಗೆ ಬಂದು ನನ್ನೆದುರು ಒಂದು ಬೆಂದ ಮೊಟ್ಟೆ ತಿನ್ನು. ಅದು ಅರಗಿದ್ರೆ ಮೊದಲಿನ ಹಾಗೇ ಮುಂದುವರಿಸೋಣ."

ಚಿನಾಮಿ ನಿಧಾನವಾಗಿ ಈ ಕಡೆ ತಿರುಗಿದಳು. ತುಟಿ ಇನ್ನೂ ಊದಿಕೊಂಡೇ ಇತ್ತು. ಅವಳು ನನ್ನನ್ನು ನೋಡಲಿಲ್ಲ.

"ಹಾಗಾದ್ರೆ ನಾನು ಮಾಡಿದ್ದು ಬೆಂದಿತ್ತಾ?" ಎಂದು ಕೇಳಿದಳು.

"ಬೆಂದಿತ್ತು" ಎಂದರು ಡಾಕ್ಟರಮ್ಮ.

ಆಗ ಅವಳು ಅತ್ತಳು. ಮಯುಮಿಯ ಕಣ್ಣು ನನ್ನ ಮೇಲೆ ಬಂದು ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ನಾನು ಬಗ್ಗಿದೆ, ಮೊಣಕಾಲೂರಿ ಆಸ್ಪತ್ರೆಯ ನೆಲಕ್ಕೆ ಹಣೆ ಹಚ್ಚಿದೆ. ನೆಲ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಎಷ್ಟು ಹೊತ್ತು ಹಾಗಿರಬೇಕು, ಯಾವಾಗ ತಲೆ ಎತ್ತಬೇಕು, ಎತ್ತಿದರೆ ಯಾವ ಮುಖ ಕಾಣುತ್ತದೆ, ಒಂದೂ ತಿಳಿಯಲಿಲ್ಲ.

ಪಕ್ಕದಲ್ಲಿ ಬಟ್ಟೆಯ ಸದ್ದಾಯಿತು. ಇನ್ನೊಂದು ಹಣೆ ನನ್ನ ಹಣೆಯ ಪಕ್ಕದಲ್ಲೇ ನೆಲಕ್ಕೆ ಬಂದು ಮುಟ್ಟಿತು. ಫುಸಾಕೊ. ಅವಳದೇನೂ ತಪ್ಪಿಲ್ಲವೆಂದು ಆ ಕೋಣೆಯಲ್ಲಿ ಎಲ್ಲರಿಗೂ ಈಗ ಗೊತ್ತಿತ್ತು.

"ನೀನ್ಯಾಕಕ್ಕ?" ಎಂದೆ ನೆಲಕ್ಕೇ ಮುಖವಿಟ್ಟು.

"ಒಬ್ಬಳೇ ಇರೋಕಾಗಲ್ಲ ಕಣೆ ಇಲ್ಲಿ" ಎಂದು ಪಿಸುಗುಟ್ಟಿದಳು. "ನಂಗೊತ್ತು."

ಎಂಟು ವರ್ಷದ ಹಿಂದೆ ಅವಳು ಹೆಡ್ಮಾಸ್ಟರ ಕೋಣೆಯ ನೆಲದ ಮೇಲೆ ಹೀಗೆ ಬಿದ್ದಿದ್ದಾಗ, ನಾನು ಕೆಳಗೆ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ.